ಫೈಲ್ ನಂದೇ, ಆದ್ರೂ ಕೊಡೋಕಾಗಲ್ಲ! ಸಿ ಪ್ರೋಗ್ರಾಂನಲ್ಲಿ ‘ಚೌನ್’ ಯಾಕೆ ಫೇಲ್ ಆಗುತ್ತೆ?

(ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಆದ್ರೆ ಪ್ರಶ್ನೆ ಮಾತ್ರ ತುಂಬಾ ಸಿಂಪಲ್. ಲಿನಕ್ಸ್‌ನಲ್ಲಿ ಸಿ ಕಲಿಯೋರು ಒಂದಲ್ಲ ಒಂದು ದಿನ ಕೇಳೇ ಕೇಳ್ತಾರೆ: “ಫೈಲ್ ಮಾಡಿದ್ದು ನಾನು, ಮಾಲೀಕ ನಾನು. ಅದನ್ನ ಫ್ರೆಂಡ್ ಹೆಸರಿಗೆ ಮಾಡಿಕೊಡೋಕೆ ಹೋದ್ರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಅನ್ನುತ್ತೆ. ಯಾಕೆ?”

ಉತ್ತರಕ್ಕೆ ಮೊದಲು, ಈ ವಿಷಯ ನನಗೆ ಯಾಕೆ ಚೆನ್ನಾಗಿ ನೆನಪಿದೆ ಅಂತ ಹೇಳ್ತೀನಿ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಹಳೇ ಡಿಸ್ಕ್‌ನಿಂದ ನೆಟ್‌ವರ್ಕ್‌ನಲ್ಲಿದ್ದ ಹೊಸ ಡಿಸ್ಕ್‌ಗೆ ಎಲ್ಲರ ಫೈಲುಗಳನ್ನೂ ಸಾಗಿಸಬೇಕಿತ್ತು. ನಾನೇ ಒಂದು ಸಿ ಪ್ರೋಗ್ರಾಂ ಬರೆದೆ. ಫೈಲ್ ಕಾಪಿ ಮಾಡು, ಆಮೇಲೆ ಹಳೇ ಮಾಲೀಕನ ಹೆಸರಿಗೇ ಅದನ್ನ ಮಾಡು. ಅಷ್ಟೇ ಕೆಲಸ. ರೂಟ್ ಆಗಿ ಓಡಿಸಿದೆ. ರಾತ್ರಿ ‘ಮುಗೀತು’ ಅಂತ ಬಂತು. ಫೈಲುಗಳ ಲೆಕ್ಕ ಸರಿ ಇತ್ತು, ಸೈಜ್ ಸರಿ ಇತ್ತು. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ದೂ ಆಯ್ತು.

ಬೆಳಗ್ಗೆ ಯಾರಿಗೂ ಅವರವರ ಫೈಲ್ ತೆರೆಯೋಕಾಗ್ಲಿಲ್ಲ. ಸಾವಿರಾರು ಫೈಲುಗಳ ಮಾಲೀಕ ‘ನೋಬಡಿ’. ಹೌದು, ಲಿನಕ್ಸ್‌ನಲ್ಲಿ ನಿಜವಾಗ್ಲೂ ಆ ಹೆಸರಿನ ಯೂಸರ್ ಇದಾನೆ. ಫೈಲಿನೊಳಗಿನ ಒಂದಕ್ಷರವೂ ಹಾಳಾಗಿರಲಿಲ್ಲ. ಆದ್ರೆ ಯಾವುದು ಯಾರದ್ದು ಅನ್ನೋ ದಾಖಲೆ ಹಳೇ ಡಿಸ್ಕ್ ಜೊತೆಗೇ ಹೋಗಿತ್ತು. ಒಬ್ಬೊಬ್ಬರ ಪಕ್ಕ ಕೂತು “ಇದು ನಿಮ್ಮದಾ ಮೇಡಂ? ಇದು ನಿಮ್ಮದಾ ಸರ್?” ಅಂತ ಕೇಳಿ ವಿಂಗಡಿಸೋಕೆ ದಿನಗಟ್ಟಲೆ ಹಿಡೀತು. ತಪ್ಪು ಒಂದೇ ಸಾಲಿನದ್ದು. ಚೌನ್ ಕೊಟ್ಟ ಉತ್ತರವನ್ನ ನಾನು ನೋಡಿರಲಿಲ್ಲ.

ಚೌನ್ ಅಂದ್ರೇನು?

‘ಚೇಂಜ್ ಓನರ್’ ಅನ್ನೋದರ ಮೊಟಕು ರೂಪ ಚೌನ್. ಇದೊಂದು ಸಿಸ್ಟಮ್ ಕಾಲ್, ಅಂದ್ರೆ ನಮ್ಮ ಪ್ರೋಗ್ರಾಂ ಕರ್ನಲ್‌ಗೆ ಕೊಡೋ ಅರ್ಜಿ. ಅರ್ಜಿಯಲ್ಲಿ ಮೂರು ಕಾಲಂ: ಫೈಲಿನ ದಾರಿ, ಹೊಸ ಮಾಲೀಕನ ನಂಬರ್, ಹೊಸ ಗ್ರೂಪ್‌ನ ನಂಬರ್. ಕರ್ನಲ್‌ಗೆ ಹೆಸರು ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಕೆಲಸ ಆದ್ರೆ ಸೊನ್ನೆ ವಾಪಸ್ ಬರುತ್ತೆ, ಆಗದಿದ್ರೆ ಮೈನಸ್ ಒಂದು. ಯಾಕೆ ಆಗ್ಲಿಲ್ಲ ಅನ್ನೋ ಕಾರಣ ‘ಎರ್‌ನೋ’ ಅನ್ನೋ ಜಾಗದಲ್ಲಿ ಒಂದು ಸಂಖ್ಯೆಯಾಗಿ ಕೂತಿರುತ್ತೆ.

ಜಮೀನಿನ ಖಾತೆ ಬದಲಾವಣೆ ನೆನಪಿಸಿಕೊಳ್ಳಿ. ಜಮೀನು ನಿಮ್ಮದೇ ಇರಬಹುದು, ಆದ್ರೆ ಪಹಣಿಯಲ್ಲಿ ಹೆಸರು ತಿದ್ದೋಕೆ ನೀವೇ ಪೆನ್ ಹಿಡಿಯೋ ಹಾಗಿಲ್ಲ. ಕಚೇರಿಯೇ ತಿದ್ದಬೇಕು. ಇಲ್ಲಿ ಕಚೇರಿ ಅಂದ್ರೆ ಕರ್ನಲ್. ಲಿನಕ್ಸ್‌ನಲ್ಲಿ ಮಾಲೀಕನನ್ನ ಬದಲಿಸೋ ಹಕ್ಕು ‘ಕ್ಯಾಪ್ ಚೌನ್’ ಅನ್ನೋ ವಿಶೇಷ ಅಧಿಕಾರ ಇರೋ ಪ್ರೋಗ್ರಾಂಗೆ ಮಾತ್ರ, ಸಾಮಾನ್ಯವಾಗಿ ಅಂದ್ರೆ ರೂಟ್‌ಗೆ.

ಕೊಡೋಕೂ ಯಾಕೆ ಬಿಡಲ್ಲ?

ಕಿತ್ಕೊಳ್ಳೋದು ತಪ್ಪು, ಸರಿ. ಕೊಡೋದರಲ್ಲಿ ಏನು ತಪ್ಪು? ಡಿಸ್ಕ್ ಕೋಟಾ ನೆನಪಿಸಿಕೊಳ್ಳಿ. ಕಾಲೇಜ್ ಸರ್ವರ್‌ನಲ್ಲಿ ಒಬ್ಬೊಬ್ಬರಿಗೆ ಇಷ್ಟು ಜಾಗ ಅಂತ ಇದೆ ಅಂದ್ಕೊಳ್ಳಿ. ನಾನು ದೊಡ್ಡ ದೊಡ್ಡ ಸಿನಿಮಾ ಫೈಲುಗಳನ್ನ ತುಂಬಿ, ಅವುಗಳನ್ನೆಲ್ಲ ನಿಮ್ಮ ಹೆಸರಿಗೆ ಮಾಡಿಬಿಟ್ರೆ? ಫೈಲ್ ಇರೋದು ನನ್ನ ಫೋಲ್ಡರ್‌ನಲ್ಲಿ, ಲೆಕ್ಕ ಬೀಳೋದು ನಿಮ್ಮ ತಲೆಗೆ. ಇಂಥ ಆಟ ತಪ್ಪಿಸೋಕೆ ಬಿಎಸ್‌ಡಿ ಯೂನಿಕ್ಸ್ ಈ ಹಕ್ಕನ್ನ ರೂಟ್‌ಗೆ ಮಾತ್ರ ಉಳಿಸಿಕೊಂಡಿತು. ಸಿಸ್ಟಮ್ ಫೈವ್ ಅನ್ನೋ ಇನ್ನೊಂದು ಯೂನಿಕ್ಸ್ ಶಾಖೆಯಲ್ಲಿ ಮಾಲೀಕ ತನ್ನ ಫೈಲನ್ನ ಬೇರೆಯವರಿಗೆ ಕೊಡಬಹುದಿತ್ತು. ಲಿನಕ್ಸ್ ಹಿಡಿದದ್ದು ಬಿಎಸ್‌ಡಿ ದಾರಿ.

ನಿಮ್ಮ ಜೇಬಿನಲ್ಲಿರೋ ಫೋನಿಗೂ ಇದಕ್ಕೂ ಸಂಬಂಧ ಇದೆ. ಆ್ಯಂಡ್ರಾಯ್ಡ್ ಒಳಗಿರೋದು ಲಿನಕ್ಸ್ ಕರ್ನಲ್ಲೇ. ಅಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಯೂಸರ್ ನಂಬರ್ ಕೊಡ್ತಾರೆ, 10000ದಿಂದ ಶುರು. ನಿಮ್ಮ ಗೇಮ್ ಆ್ಯಪ್ ಬ್ಯಾಂಕ್ ಆ್ಯಪ್‌ನ ಖಾಸಗಿ ಫೋಲ್ಡರ್ ಇಣುಕದೇ ಇರೋಕೆ ಒಂದು ಮುಖ್ಯ ಕಾರಣ ಈ ಮಾಲೀಕತ್ವ. ಚೌನ್ ಯಾರು ಬೇಕಾದ್ರೂ ಮಾಡಬಹುದಾಗಿದ್ರೆ ಆ ಗೋಡೆಯೇ ಇರ್ತಿರಲಿಲ್ಲ. ಫೋನಿನಲ್ಲೇ ಟರ್ಮಕ್ಸ್ ಹಾಕ್ಕೊಂಡು ಸಿ ಕಲಿಯೋರಿಗೆ ಚೌನ್ ‘ಇಲ್ಲ’ ಅನ್ನೋದು ಇದಕ್ಕೇ.

ಯಾವ ಎರರ್‌ಗೆ ಏನರ್ಥ?

ಮೊದಲನೇದು ಇಪರ್ಮ್, ಸಂಖ್ಯೆ 1, ‘ಆಪರೇಷನ್ ನಾಟ್ ಪರ್ಮಿಟೆಡ್’. ಫೈಲ್ ಸಿಕ್ತು, ಆದ್ರೆ ಈ ಬದಲಾವಣೆ ಮಾಡೋ ಅಧಿಕಾರ ನಿನಗಿಲ್ಲ ಅಂತ ಅರ್ಥ. ಇಲ್ಲೊಂದು ವಿನಾಯಿತಿ ಇದೆ: ಫೈಲ್ ನಿಮ್ಮದಾಗಿದ್ದು, ನೀವೇ ಸದಸ್ಯರಾಗಿರೋ ಇನ್ನೊಂದು ಗ್ರೂಪ್‌ಗೆ ಅದನ್ನ ಬದಲಿಸೋಕೆ ರೂಟ್ ಬೇಕಿಲ್ಲ. ಫ್ರೆಂಡ್ ಜೊತೆ ಫೈಲ್ ಹಂಚಿಕೊಳ್ಳೋಕೆ ಇದೇ ಸರಿಯಾದ ದಾರಿ.

ಎರಡನೇದು ಇಆಕ್ಸೆಸ್, ಸಂಖ್ಯೆ 13, ‘ಪರ್ಮಿಷನ್ ಡಿನೈಡ್’. ಇದನ್ನೂ ಇಪರ್ಮ್ ಅನ್ನೂ ತುಂಬಾ ಜನ ಒಂದೇ ಅಂದ್ಕೊಳ್ತಾರೆ. ಚೌನ್ ವಿಷಯದಲ್ಲಿ ಇಆಕ್ಸೆಸ್ ಅಂದ್ರೆ ಫೈಲ್‌ವರೆಗೆ ತಲುಪೋಕೇ ಆಗ್ಲಿಲ್ಲ. ದಾರಿಯಲ್ಲಿರೋ ಯಾವುದೋ ಫೋಲ್ಡರ್‌ನಲ್ಲಿ ನಿಮಗೆ ‘ಎಕ್ಸ್’ ಪರ್ಮಿಷನ್ ಇಲ್ಲ. ಇಪರ್ಮ್ ಅಂದ್ರೆ ಕೌಂಟರ್‌ನಲ್ಲಿ ‘ಆಗಲ್ಲ’ ಅಂದ್ರು, ಇಆಕ್ಸೆಸ್ ಅಂದ್ರೆ ಗೇಟಿನಲ್ಲೇ ತಡೆದ್ರು. ಹಾಗಾಗಿ ಇಆಕ್ಸೆಸ್ ಬಂದ್ರೆ ಫೈಲನ್ನ ಬಿಟ್ಟು ಫೋಲ್ಡರ್‌ಗಳನ್ನ ಒಂದೊಂದಾಗಿ ನೋಡಿ.

ಇನೋಎಂಟ್, ಸಂಖ್ಯೆ 2: ಆ ದಾರಿಯಲ್ಲಿ ಅಂಥ ಫೈಲೇ ಇಲ್ಲ. ಸಿಂಬಾಲಿಕ್ ಲಿಂಕ್ ಇದ್ದು ಅದು ತೋರಿಸೋ ಫೈಲ್ ಅಳಿಸಿಹೋಗಿದ್ರೂ ಇದೇ ಬರುತ್ತೆ, ಯಾಕಂದ್ರೆ ಚೌನ್ ಲಿಂಕ್ ಹಿಂದೆಯೇ ಹೋಗುತ್ತೆ. ಲಿಂಕ್‌ನದ್ದೇ ಮಾಲೀಕನನ್ನ ಬದಲಿಸಬೇಕಾದ್ರೆ ‘ಎಲ್‌ಚೌನ್’ ಬಳಸಬೇಕು. ಇರೋಫ್ಸ್, ಸಂಖ್ಯೆ 30: ಡಿಸ್ಕ್ ಓದೋಕೆ ಮಾತ್ರ ಮೌಂಟ್ ಆಗಿದೆ. ಇಲೂಪ್, ಸಂಖ್ಯೆ 40: ಲಿಂಕ್‌ಗಳು ಒಂದನ್ನೊಂದು ತೋರಿಸ್ತಾ ಸುತ್ತುತ್ತಿವೆ.

ರೂಟ್ ಆದ್ರೂ ‘ಇಲ್ಲ’ ಅಂದ್ರೆ?

ಸುಡೋ ಹಾಕಿದ್ರೂ ಇಪರ್ಮ್ ಬಂದ್ರೆ ಗಾಬರಿ ಬೇಡ. ಮೂರು ಕಡೆ ನೋಡಿ.

ಒಂದು, ಪೆನ್‌ಡ್ರೈವ್. ಫ್ಯಾಟ್ ಫೈಲ್ ಸಿಸ್ಟಮ್‌ನಲ್ಲಿ ಮಾಲೀಕನ ಹೆಸರು ಬರೆಯೋಕೆ ಜಾಗವೇ ಇಲ್ಲ. ಮೌಂಟ್ ಮಾಡುವಾಗ ಯಾರನ್ನ ಹೇಳ್ತೀರೋ ಎಲ್ಲ ಫೈಲಿಗೂ ಅವರೇ ಮಾಲೀಕರು. ಎರಡು, ಇಮ್ಯೂಟಬಲ್ ಗುರುತು. ‘ಚ್ಯಾಟರ್’ ಕಮಾಂಡ್‌ನಿಂದ ಫೈಲಿಗೆ ಬೀಗ ಹಾಕಿದ್ರೆ ಅದನ್ನ ತೆಗೆಯೋವರೆಗೂ ರೂಟ್‌ಗೂ ಬದಲಿಸೋಕಾಗಲ್ಲ. ಮೂರು, ನೆಟ್‌ವರ್ಕ್ ಡಿಸ್ಕ್. ಎನ್‌ಎಫ್‌ಎಸ್ ಸರ್ವರ್‌ನಲ್ಲಿ ‘ರೂಟ್ ಸ್ಕ್ವಾಷ್’ ಅನ್ನೋ ವ್ಯವಸ್ಥೆ ಇರುತ್ತೆ. ನಿಮ್ಮ ಮೆಷಿನ್‌ನ ರೂಟ್ ಅಲ್ಲಿಗೆ ಹೋದ ಕೂಡಲೇ ನೋಬಡಿ ಆಗ್ತಾನೆ. ನನ್ನ ಕಥೆಯಲ್ಲಿ ನಡೆದದ್ದು ಇದೇ. ಪ್ರತಿ ಫೈಲಿಗೂ ಕರ್ನಲ್ ‘ಆಗಲ್ಲ’ ಅಂತ ಹೇಳ್ತಾನೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಕಂಟೇನರ್ ಬಳಸೋರಿಗೆ ಇನ್ನೊಂದು. ಅಲ್ಲಿ ಇಪರ್ಮ್ ಬದಲು ಇಇನ್ವಾಲ್, ಅಂದ್ರೆ 22 ಬಂದ್ರೆ, ನೀವು ಕೊಟ್ಟ ಯೂಸರ್ ನಂಬರ್‌ಗೆ ಆ ಯೂಸರ್ ನೇಮ್‌ಸ್ಪೇಸ್‌ನಲ್ಲಿ ಮ್ಯಾಪಿಂಗ್ ಇಲ್ಲದಿರೋ ಸಾಧ್ಯತೆ ಹೆಚ್ಚು.

ಕೋಡ್ ಬರೆಯುವಾಗ

ಮೊದಲ ಮಾತು: ಚೌನ್ ಕೊಟ್ಟ ಉತ್ತರವನ್ನ ಪ್ರತಿ ಸಲವೂ ನೋಡಿ. ಮೈನಸ್ ಒಂದು ಬಂದ ತಕ್ಷಣ ಎರ್‌ನೋ ಬೆಲೆಯನ್ನ ಒಂದು ವೇರಿಯಬಲ್‌ನಲ್ಲಿ ಇಟ್ಕೊಳ್ಳಿ. ಮಧ್ಯದಲ್ಲಿ ಪ್ರಿಂಟ್‌ಎಫ್ ಬಂದ್ರೂ ಆ ಬೆಲೆ ಬದಲಾಗಿಬಿಡಬಹುದು. ಮೆಸೇಜ್‌ನಲ್ಲಿ ಕಾರಣದ ಜೊತೆ ಫೈಲ್ ಹೆಸರೂ ಇರಲಿ.

ಎರಡನೇದು, ಒಂದು ಬಲೆ. ಮಾಲೀಕನ ಜಾಗದಲ್ಲಿ ಮೈನಸ್ ಒಂದು ಕೊಟ್ರೆ ಚೌನ್‌ಗೆ ಅದರರ್ಥ ‘ಮಾಲೀಕನನ್ನ ಹಾಗೇ ಬಿಡು’. ಹೆಸರಿನಿಂದ ನಂಬರ್ ಹುಡುಕೋ ನಿಮ್ಮದೇ ಫಂಕ್ಷನ್ ಸೋತಾಗ ಮೈನಸ್ ಒಂದು ವಾಪಸ್ ಕೊಡುತ್ತೆ ಅಂದ್ಕೊಳ್ಳಿ. ನೀವು ನೋಡದೆ ಅದನ್ನೇ ಚೌನ್‌ಗೆ ದಾಟಿಸಿದ್ರೆ ಸೊನ್ನೆ ಬರುತ್ತೆ, ಮಾಲೀಕ ಮಾತ್ರ ಬದಲಾಗಿರಲ್ಲ. ಎರರ್ ಕೂಡ ಇಲ್ಲದ ತಪ್ಪು ಇದು.

ಮೂರನೇದು, ರೂಟ್ ಆಗಿ ಓಡೋ ಪ್ರೋಗ್ರಾಂನಲ್ಲಿ ದಾರಿ ಕೊಟ್ಟು ಚೌನ್ ಮಾಡೋ ಬದಲು, ಫೈಲನ್ನ ಲಿಂಕ್ ಹಿಂದೆ ಹೋಗದ ಹಾಗೆ ತೆರೆದು, ಆ ಡಿಸ್ಕ್ರಿಪ್ಟರ್ ಮೇಲೆ ‘ಎಫ್‌ಚೌನ್’ ಮಾಡಿ. ಇಲ್ಲದಿದ್ರೆ ನೀವು ಪರೀಕ್ಷೆ ಮಾಡಿದ ಕ್ಷಣಕ್ಕೂ ಚೌನ್ ಮಾಡೋ ಕ್ಷಣಕ್ಕೂ ಮಧ್ಯೆ ಯಾರಾದ್ರೂ ಆ ಜಾಗದಲ್ಲಿ ಪಾಸ್‌ವರ್ಡ್ ಫೈಲಿಗೆ ಲಿಂಕ್ ಇಟ್ರೆ, ಅದನ್ನೇ ಅವರ ಹೆಸರಿಗೆ ಮಾಡಿಕೊಡ್ತೀರಿ.

ಕೊನೇದು, ಮೊದಲು ಚೌನ್, ಆಮೇಲೆ ಚ್‌ಮಾಡ್. ಮಾಲೀಕ ಬದಲಾದಾಗ ಎಕ್ಸಿಕ್ಯೂಟಬಲ್ ಫೈಲಿನ ಸೆಟ್‌ಯುಐಡಿ ಗುರುತನ್ನ ಲಿನಕ್ಸ್ ಅಳಿಸಿಬಿಡುತ್ತೆ. ಕ್ರಮ ತಪ್ಪಿದ್ರೆ ನೀವು ಇಟ್ಟ ಪರ್ಮಿಷನ್ ಉಳಿಯಲ್ಲ.

ಪ್ರೋಗ್ರಾಂ ಎಲ್ಲಿ ಸೋತಿದೆ ಅಂತಲೇ ಗೊತ್ತಾಗ್ತಿಲ್ವಾ? ಅದನ್ನ ‘ಎಸ್‌ಟ್ರೇಸ್’ ಜೊತೆ ಓಡಿಸಿ. ಪ್ರತಿ ಸಿಸ್ಟಮ್ ಕಾಲ್, ಅದಕ್ಕೆ ಬಂದ ಉತ್ತರ, ಎರಡೂ ಸಾಲು ಸಾಲಾಗಿ ಕಾಣುತ್ತೆ. ಆ ರಾತ್ರಿ ನಾನು ಅದನ್ನ ಒಂದೇ ಒಂದು ನಿಮಿಷ ಓಡಿಸಿದ್ರೂ ಸಾಕಿತ್ತು, ಹಳೇ ಡಿಸ್ಕ್ ಉಳೀತಿತ್ತು.

ಇವತ್ತು ಲ್ಯಾಬ್‌ಗೆ ಹೋದ್ರೆ, ನಿಮ್ಮ ಹಳೇ ಕೋಡ್‌ನಲ್ಲಿ ಚೌನ್ ಅಂತ ಒಮ್ಮೆ ಹುಡುಕಿ. ಅದರ ಹಿಂದೆ ‘ಇಫ್’ ಇಲ್ಲದಿದ್ರೆ, ಇವತ್ತೇ ಹಾಕಿ. ಮುಂದಿನ ವಾರ ಸಿಗೋಣ, ನಮಸ್ಕಾರ.