ಬೆಳಿಗ್ಗೆ ಮೋಟರ್‌ಹೋಮ್ ವಾಲಿದೆಯೇ?

ಅಮೆರಿಕದ ದೊಡ್ಡ ಡೀಸೆಲ್ ಮೋಟರ್‌ಹೋಮ್‌ಗಳ ಭಾರ ಬಹುತೇಕ ರಬ್ಬರ್ ಗಾಳಿಚೀಲಗಳ ಮೇಲಿರುತ್ತದೆ. ವಾರಗಟ್ಟಲೆ ನಿಂತ ಗಾಡಿ ನಿಧಾನಕ್ಕೆ ಇಳಿಯುವುದು ಸಹಜ. ಒಂದೇ ರಾತ್ರಿಗೆ ಒಂದು ಮೂಲೆ ಕುಸಿದರೆ ಗಾಳಿ ಸೋರುತ್ತಿದೆ, ಬಿಡಬೇಡಿ.

ಎಲ್ಲಕ್ಕಿಂತ ಮೊದಲು ಇದನ್ನು ಕೇಳಿ: ಬರೀ ಗಾಳಿಯ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ನುಸುಳಬೇಡಿ. ಚೀಲ ಒಡೆದರೆ ಚಾಸಿ ಕ್ಷಣದಲ್ಲಿ ಕೆಳಗೆ ಬರುತ್ತದೆ, ಹೊರಳಲೂ ಸಮಯ ಸಿಗುವುದಿಲ್ಲ. ಲೆವೆಲಿಂಗ್ ಜ್ಯಾಕನ್ನೂ ನಂಬಬೇಡಿ. ಚಕ್ರಕ್ಕೆ ತಡೆ ಇಟ್ಟು, ಗಾಡಿಯ ತೂಕ ತಡೆಯುವ ಸ್ಟ್ಯಾಂಡ್ ಕೊಡಿ.

ಸೋರುವ ಜಾಗ ಹುಡುಕಲು ಎಂಜಿನ್ ಓಡಿಸಿ ಗಾಳಿ ತುಂಬಿಸಿ, ಆಫ್ ಮಾಡಿ, ಸೋಪಿನ ನೀರು ಸ್ಪ್ರೇ ಮಾಡಿ. ನನ್ನ ಪ್ರಕಾರ ಚೀಲಕ್ಕಿಂತ ಮೊದಲು ನೋಡಬೇಕಾದ್ದು ನೈಲಾನ್ ಪೈಪ್ ಸೇರುವ ಫಿಟ್ಟಿಂಗ್‌ಗಳನ್ನು. ಬಿಳಿ ನೊರೆ ಮೆಲ್ಲಗೆ ಉಬ್ಬುತ್ತಾ ಬಂತೇ? ಅದೇ ಜಾಗ. ಗಾಳಿ ಪೂರ್ತಿ ಬಿಟ್ಟು, ಪೈಪಿನ ಗೀರುಬಿದ್ದ ತುದಿಯನ್ನು ನೇರವಾಗಿ ಕತ್ತರಿಸಿ, ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಸಲ ಸಾಕು. ಎತ್ತರ ಹೊಂದಿಸುವ ವಾಲ್ವ್‌ನ ಎಕ್ಸಾಸ್ಟ್‌ನಲ್ಲಿ ಗುಳ್ಳೆ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಚೀಲದ ಮಡಿಕೆಯ ಬಿರುಕಿನಲ್ಲಿ ಒಳಗಿನ ದಾರ ಕಾಣಿಸಿದರೆ ತೇಪೆ ಬೇಡ, ಹೊಸದೇ ಹಾಕಿಸಿ.

ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್‌ನ ಗಾಳಿಯೇ ಏರ್ ಬ್ರೇಕ್‌ಗೂ ಬೇಕು. ಒತ್ತಡ 60 ಪಿಎಸ್‌ಐ ಆಸುಪಾಸಿಗೆ ಇಳಿದು ಅಲಾರಂ ಕೂಗಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.