ದಾಖಲೆ, ಹಾಜರಿ, ಸಹಾಯದ್ರವ್ಯ: ಪುತ್ತೂರು, ಸುಳ್ಯ, ಕಡಬ ಸೀಮೆಯ ವಿದ್ಯಾರ್ಥಿಗಣನೆಯ ವಿಚಾರ

(೧)

ಶಾಲೆಯ ಹಾಜರಿ ಪುಸ್ತಕವು ವಿದ್ವಜ್ಜನರ ವಿಮರ್ಶೆಗೆ ಯೋಗ್ಯವಾದ ಬರಹವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಆದರೆ ವಿದ್ಯಾದಾನದ ಶಾಸನಗಳನ್ನು ಓದಿದವರಿಗೆ ಆ ಪುಸ್ತಕದ ಗೌರವವು ಸುಲಭವಾಗಿ ತಿಳಿಯುವುದು. ಕ್ರಿ. ಶ. ೯೪೫ರ ಸಾಲೋಟಗಿಯ ಶಾಸನವು ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ನಡೆದ ಶಾಲೆಯನ್ನೂ ಅದಕ್ಕೆ ಬಿಟ್ಟ ಭೂಮಿಯನ್ನೂ ಹೇಳುತ್ತದೆ. ತಮಿಳುನಾಡಿನ ಎಣ್ಣಾಯಿರಂ ಎಂಬಲ್ಲಿರುವ ಚೋಳರ ಕಾಲದ ಶಾಸನವಾದರೋ ಇನ್ನೂ ಮುಂದೆ ಹೋಗಿ, ಕಿರಿಯ ವಿದ್ಯಾರ್ಥಿಗಳು ೨೭೦, ಹಿರಿಯ ವಿದ್ಯಾರ್ಥಿಗಳು ೭೦, ಒಟ್ಟು ೩೪೦ ಎಂದು ಗಣಿಸಿ, ಒಬ್ಬೊಬ್ಬನಿಗೆ ನಿತ್ಯವೂ ಸಲ್ಲತಕ್ಕ ಬತ್ತದ ಪ್ರಮಾಣವನ್ನು ಬೇರೆ ಬೇರೆಯಾಗಿ ವಿಧಿಸಿದೆ. ಸಂಖ್ಯೆಯಿಲ್ಲದೆ ದಾನವಿಲ್ಲ, ಸಂಖ್ಯೆಯು ತಪ್ಪಿದರೆ ದಾನವೂ ತಪ್ಪುವುದು ಎಂಬ ಅರಿವು ಆ ಕಾಲಕ್ಕೇ ಇದ್ದಿತು.

ಈ ಕಾಲದಲ್ಲಿ ಆ ದಾನಿಯ ಸ್ಥಾನದಲ್ಲಿ ಸರ್ಕಾರವಿದೆ. ಶಾಲೆಗೆ ಸಲ್ಲುವ ಹಣ, ಉಪಾಧ್ಯಾಯರ ಹುದ್ದೆ, ಮಧ್ಯಾಹ್ನದ ಊಟದ ಅಕ್ಕಿ ಇವೆಲ್ಲವೂ ಮಕ್ಕಳ ಸಂಖ್ಯೆಯನ್ನು ಅನುಸರಿಸಿವೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳಂತೆ ಘಟ್ಟದ ತಪ್ಪಲಿನಲ್ಲಿ ಮನೆಗಳು ಚೆದರಿರುವ ಸೀಮೆಯಲ್ಲಿ ಶಾಲೆಗಳು ಚಿಕ್ಕವು. ಚಿಕ್ಕ ಶಾಲೆಯಲ್ಲಿ ಒಂದು ಹೆಸರಿನ ಹೆಚ್ಚು ಕಡಮೆಯೂ ಆ ಶಾಲೆಯ ವರ್ಷದ ಗತಿಯನ್ನು ಬದಲಿಸಬಲ್ಲದು. ಆದುದರಿಂದ ಈ ಗಣನೆಯ ಇತಿಹಾಸವನ್ನೂ ರೀತಿಯನ್ನೂ ಅದರ ದೋಷಗಳನ್ನೂ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

(೨)

ಮೊದಲು ಶಬ್ದಗಳ ವಿಚಾರ. ‘ದಾಖಲೆ’ ಮತ್ತು ‘ಹಾಜರಿ’ ಎಂಬ ಎರಡು ಮಾತುಗಳೂ ಅರಬ್ಬಿಯಿಂದ ಪಾರಸಿಯ ದ್ವಾರಾ ಕನ್ನಡದ ಆಡಳಿತಕ್ಕೆ ಬಂದವು. ಮೊದಲನೆಯದರ ಮೂಲಾರ್ಥ ‘ಒಳಹೊಕ್ಕುದು’. ಎರಡನೆಯದರ ಮೂಲಾರ್ಥ ‘ಎದುರಿಗಿರುವುದು’. ಜೂನ್ ತಿಂಗಳಲ್ಲಿ ಒಳಹೊಕ್ಕ ಮಗು ಆಗಸ್ಟಿನಲ್ಲಿ ಎದುರಿಗಿರಬೇಕೆಂಬ ನಿಯಮವಿಲ್ಲ. ಶಾಲೆಯ ಲೆಕ್ಕದಲ್ಲಿ ಹುಟ್ಟುವ ತೊಡಕುಗಳೊಳಗೆ ಬಹುಭಾಗವು ಈ ಎರಡು ಅರ್ಥಗಳನ್ನು ಒಂದೆಂದು ತಿಳಿಯುವುದರಿಂದ ಹುಟ್ಟಿದುದು. ಕನ್ನಡದಲ್ಲಿ ‘ಅಂಕೆ’ಯೆಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ಯಾವ ಸಂಖ್ಯೆಯ ಮೇಲೆ ದ್ರವ್ಯವು ನಿಂತಿದೆಯೋ ಆ ಸಂಖ್ಯೆಯು ಅಂಕೆಯಲ್ಲಿರಬೇಕೆಂಬುದು ಭಾಷೆಯೇ ಹೇಳುವ ನ್ಯಾಯ.

ಮೈಸೂರಿನಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಶ್ರೀ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕಪತ್ರಗಳ ಕಚೇರಿಗೆ ಅಕ್ಷಪಟಲವೆಂದು ಹೆಸರು. ಆಷಾಢದ ಹುಣ್ಣಿಮೆಯನ್ನು ವರ್ಷದ ಲೆಕ್ಕವನ್ನು ಒಪ್ಪಿಸುವ ದಿನವೆಂದು ಅಲ್ಲಿ ನಿಗದಿಮಾಡಿದೆ. ರಾಜದ್ರವ್ಯವನ್ನು ಅಪಹರಿಸುವ ಉಪಾಯಗಳು ನಲವತ್ತು ಎಂದೂ ಅಲ್ಲಿ ಹೇಳಿದೆ. ಲೆಕ್ಕಕ್ಕೆ ನಿಶ್ಚಿತವಾದ ದಿನ, ಲೆಕ್ಕದ ಪರಿಶೋಧನೆ ಇವೆರಡೂ ಬೇಕೆಂಬ ತತ್ತ್ವವು ಹೊಸದಲ್ಲ.

(೩)

ಇನ್ನು ಇತಿಹಾಸ. ಮದ್ರಾಸು ಆಧಿಪತ್ಯದಲ್ಲಿ ಶಾಲೆಗಳನ್ನೂ ವಿದ್ಯಾರ್ಥಿಗಳನ್ನೂ ಎಣಿಸುವ ಮೊದಲ ಪ್ರಯತ್ನವು ಸರ್ ಥಾಮಸ್ ಮನ್ರೋ ಗವರ್ನರನಾಗಿದ್ದ ಕಾಲದಲ್ಲಿ, ೧೮೨೨ರಲ್ಲಿ ಆರಂಭವಾಯಿತು. ೧೮೨೬ರ ಅವನ ಟಿಪ್ಪಣಿಯಲ್ಲಿ ಶಾಲೆಗಳು ೧೨,೪೯೮, ವಿದ್ಯಾರ್ಥಿಗಳು ೧,೮೮,೬೫೦ ಎಂದು ಕಾಣುತ್ತದೆ. ಮನೆಯಲ್ಲಿಯೇ ಕಲಿಯುವ ಮಕ್ಕಳನ್ನು ಎಣಿಸಬೇಕೆ ಬೇಡವೆ ಎಂಬ ಪ್ರಶ್ನೆಯೂ ಅಲ್ಲಿಯೇ ಎದ್ದಿತು; ಯಾರನ್ನು ವಿದ್ಯಾರ್ಥಿಯೆನ್ನಬೇಕೆಂಬುದು ಗಣನೆಗಿಂತ ಮೊದಲು ತೀರ್ಮಾನವಾಗಬೇಕಾದ ವಿಷಯವೆಂಬುದಕ್ಕೆ ಇದು ನಿದರ್ಶನ.

ಈ ಕೋಷ್ಟಕಗಳಲ್ಲಿ ಕೆನರಾ ಜಿಲ್ಲೆಯ ಅಂಕೆಗಳಿಲ್ಲವೆಂಬುದು ಗಮನಾರ್ಹ. ಇಲ್ಲಿ ವಿದ್ಯಾಭ್ಯಾಸವು ಖಾಸಗಿಯಾಗಿ ನಡೆಯುತ್ತದೆ, ಸ್ಥಿರವಾದ ಶಾಲೆಗಳೂ ಉಪಾಧ್ಯಾಯರೂ ಇಲ್ಲ ಎಂಬ ಅಭಿಪ್ರಾಯದ ಉತ್ತರವಷ್ಟೇ ಕಲೆಕ್ಟರನಿಂದ ಹೋಯಿತು. ಅಮರ ಸುಳ್ಯ, ಪುತ್ತೂರು ಮಾಗಣೆಗಳಾದರೋ ೧೮೩೪ರ ವರೆಗೆ ಕೊಡಗಿನ ಅರಸರ ಅಧೀನದಲ್ಲಿದ್ದುವು. ಹೀಗೆ ಈ ಸೀಮೆಯ ಮಕ್ಕಳು ಆ ಮೊದಲ ಗಣನೆಗೆ ಎರಡು ವಿಧದಿಂದಲೂ ಹೊರಗಾದರು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿದ ಮಕ್ಕಳು ಇರಲಿಲ್ಲವೆಂದಲ್ಲ, ಅವರ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದುದು ಇಲ್ಲವೆಂದೇ ಪರಿಗಣಿತವಾಗುವುದು ಆಡಳಿತದ ಸ್ವಭಾವ.

೧೮೫೪ರ ವುಡ್ಡನ ಶಿಕ್ಷಣ ಪತ್ರವು ಖಾಸಗಿ ಶಾಲೆಗಳಿಗೆ ಸಹಾಯದ್ರವ್ಯ ಕೊಡುವ ನೀತಿಯನ್ನು ಸ್ಥಾಪಿಸಿತು. ಆ ಬಳಿಕ ಇಂಗ್ಲೆಂಡಿನಲ್ಲಿ ೧೮೬೨ರ ನಿಯಮಾವಳಿಯು ಮಗುವಿನ ಹಾಜರಿಗೂ ಓದು, ಬರಹ, ಲೆಕ್ಕಗಳ ಪರೀಕ್ಷೆಯ ಫಲಕ್ಕೂ ತಕ್ಕಂತೆ ಹಣವನ್ನು ಅಳೆದು ಕೊಡುವ ಪದ್ಧತಿಯನ್ನು ತಂದಿತು. ಕವಿಯೂ ಶಾಲಾ ಪರೀಕ್ಷಕನೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ತೀವ್ರವಾಗಿ ಖಂಡಿಸಿದನು. ಮದ್ರಾಸು ಆಧಿಪತ್ಯದ ಪ್ರಾಥಮಿಕ ಶಾಲೆಗಳಿಗೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಲಾನುಸಾರಿಯಾದ ಈ ಪದ್ಧತಿಯು ಅನ್ವಯಿಸಿತು. ೧೯೦೪ರ ಭಾರತ ಸರ್ಕಾರದ ಶಿಕ್ಷಣ ನಿರ್ಣಯವು ಇದನ್ನು ತ್ಯಜಿಸಬೇಕೆಂದಿತು. ಮಗುವಿನ ಒಂದೊಂದು ಉತ್ತರಕ್ಕೂ ಬೆಲೆ ಕಟ್ಟಿದಾಗ ಉಪಾಧ್ಯಾಯನ ದೃಷ್ಟಿಯು ಮಗುವಿನಿಂದ ಜಾರಿ ಪರೀಕ್ಷಕನು ಬರುವ ದಿನದ ಮೇಲೆ ನೆಲೆಗೊಳ್ಳುವುದೆಂಬುದು ಆ ಪದ್ಧತಿಯಿಂದ ದೊರೆತ ಪಾಠ.

(೪)

ಪ್ರಕೃತದ ಸ್ಥಿತಿಯು ಹೀಗಿದೆ. ದೇಶದ ಎಲ್ಲ ಶಾಲೆಗಳ ಅಂಕಿ ಅಂಶಗಳನ್ನು ಯುಡೈಸ್ ಎಂಬ ವ್ಯವಸ್ಥೆಯ ಮೂಲಕ ಸಂಗ್ರಹಿಸಲಾಗುತ್ತಿದ್ದು, ಸೆಪ್ಟೆಂಬರ್ ೩೦ನೆಯ ತಾರೀಖನ್ನು ಆಧಾರದಿನವಾಗಿ ಇಟ್ಟುಕೊಳ್ಳುವ ಪದ್ಧತಿ ಬಂದಿದೆ. ೨೦೨೨–೨೩ರಿಂದ ಶಾಲೆಯ ಒಟ್ಟು ಸಂಖ್ಯೆಗೆ ಬದಲಾಗಿ ಒಂದೊಂದು ಮಗುವಿನ ವಿವರವನ್ನೇ ಪ್ರತ್ಯೇಕವಾಗಿ ತುಂಬುವ ಕ್ರಮವು ಜಾರಿಗೆ ಬಂದಿತು. ಕರ್ನಾಟಕದಲ್ಲಿ ಸ್ಯಾಟ್ಸ್ ಎಂಬ ರಾಜ್ಯದ ವ್ಯವಸ್ಥೆಯಲ್ಲಿಯೂ ಪ್ರತಿ ಮಗುವಿಗೆ ಒಂದು ಸಂಖ್ಯೆಯಿದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆಯು ಅದರೊಡನೆ ಹೋಗುತ್ತದೆ.

ಈ ಅಂಕೆಗಳಿಂದ ಆಗುವ ನಿರ್ಣಯಗಳು ಮುಖ್ಯವಾಗಿ ಮೂರು.

ಒಂದನೆಯದು ಶಾಲಾನುದಾನ. ಸಮಗ್ರ ಶಿಕ್ಷಣ ಯೋಜನೆಯ ೨೦೨೧ರ ಪರಿಷ್ಕೃತ ಪ್ರಮಾಣದಂತೆ ಸರ್ಕಾರಿ ಶಾಲೆಗೆ ಮಕ್ಕಳು ೩೦ರ ವರೆಗೆ ಇದ್ದರೆ ವರ್ಷಕ್ಕೆ ೧೦,೦೦೦ ರೂಪಾಯಿ, ೩೧ರಿಂದ ೧೦೦ರ ವರೆಗೆ ೨೫,೦೦೦, ೨೫೦ರ ವರೆಗೆ ೫೦,೦೦೦, ೧,೦೦೦ದ ವರೆಗೆ ೭೫,೦೦೦, ಅದಕ್ಕೂ ಮೇಲಾದರೆ ೧,೦೦,೦೦೦ ರೂಪಾಯಿ.

ಎರಡನೆಯದು ಉಪಾಧ್ಯಾಯರ ಸಂಖ್ಯೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಒಂದರಿಂದ ಐದನೆಯ ತರಗತಿಯ ವರೆಗೆ ೬೦ ಮಕ್ಕಳಿಗೆ ಇಬ್ಬರನ್ನೂ, ೬೧ರಿಂದ ೯೦ಕ್ಕೆ ಮೂವರನ್ನೂ, ೯೧ರಿಂದ ೧೨೦ಕ್ಕೆ ನಾಲ್ವರನ್ನೂ ವಿಧಿಸುತ್ತದೆ.

ಮೂರನೆಯದು ಊಟ. ಇದಕ್ಕೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ ೧೦೦ ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ ೧೫೦ ಗ್ರಾಂ ಧಾನ್ಯವು ನಿಗದಿಯಾಗಿದೆ. ಕಿರಿಯರಿಗೊಂದು, ಹಿರಿಯರಿಗೊಂದು ಎಂಬ ಎಣ್ಣಾಯಿರದ ನ್ಯಾಯವು ಇಲ್ಲಿಯೂ ಕಾಣುವುದು.

ಮೊದಲಿನೆರಡಕ್ಕೆ ದಾಖಲೆಯು ಆಧಾರ. ಮೂರನೆಯದಕ್ಕೆ ಹಾಜರಿಯು ಆಧಾರ. ಮಳೆಯ ದಿನ ೪೦ ಮಕ್ಕಳೊಳಗೆ ೩೨ ಮಂದಿ ಬಂದರೆ ಉಪಾಧ್ಯಾಯರ ಗಣನೆಗೆ ೪೦, ಅನ್ನದ ಗಣನೆಗೆ ೩೨. ಎರಡೂ ಸತ್ಯವೇ. ೪೦ ಎಂಬುದನ್ನು ಅಡುಗೆಯ ಪುಸ್ತಕದಲ್ಲಿ ಬರೆದರೆ ಮಾತ್ರ ಅದು ಅಸತ್ಯವಾಗುವುದು.

(೫)

ಈ ಸೀಮೆಯ ವಿಶೇಷ ತೊಡಕುಗಳನ್ನು ಇಲ್ಲಿ ವಿಚಾರಿಸಬೇಕು. ಮುಂಗಾರಿನಲ್ಲಿ ತೋಡುಗಳು ತುಂಬಿ ಹರಿದಾಗ, ಕಾಲುಸಂಕವನ್ನು ದಾಟಿ ಬರಬೇಕಾದ ಮಗುವು ಮನೆಯಲ್ಲಿಯೇ ಉಳಿಯುತ್ತದೆ. ಜಿಲ್ಲಾಧಿಕಾರಿಗಳು ರಜೆ ಸಾರಿದ ದಿನವು ಶಾಲೆಯ ದಿನಗಳಿಂದ ಕಳೆಯುತ್ತದೆ. ರಜೆಯಿಲ್ಲದೆ ತೋಡು ಮಾತ್ರ ತುಂಬಿದ ದಿನವು ಮಗುವಿನ ಗೈರುಹಾಜರಿಯಾಗಿಯೇ ನಿಲ್ಲುತ್ತದೆ. ಕೇವಲ ಸರಾಸರಿ ಹಾಜರಿಯ ಮೇಲೆ ಹಣವನ್ನು ಹಂಚಿದರೆ ಪೇಟೆಯ ಶಾಲೆಗೆ ಲಾಭವಾಗಿ, ಕಾಡಂಚಿನ ಶಾಲೆಯು ಮಳೆಗಾಗಿ ದಂಡ ತೆರುವಂತಾಗುವುದು. ದಾಖಲೆಯನ್ನೇ ಆಧಾರ ಮಾಡಿದರೆ ಈ ಅನ್ಯಾಯವಿಲ್ಲ. ಆದರೆ ಬಾರದ ಮಗುವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವ ಆಸೆಗೆ ಎಡೆಯಿದೆ.

ಎರಡನೆಯ ತೊಡಕು ವಲಸೆಯದು. ಸುಳ್ಯ ಕಡಬಗಳ ರಬ್ಬರು ತೋಟಗಳಲ್ಲಿಯೂ ಅಡಕೆಯ ತೋಟಗಳಲ್ಲಿಯೂ ದುಡಿಯುವವರ ಕುಟುಂಬಗಳೊಳಗೆ ಕೆಲವು ವರ್ಷದ ನಡುವೆ ಬೇರೆಡೆಗೆ ಹೋಗುವುದುಂಟು. ಒಂದು ಕಡೆ ಕೇರಳದ ಗಡಿ, ಇನ್ನೊಂದು ಕಡೆ ಕೊಡಗು. ರಾಜ್ಯದ ಗಡಿ ದಾಟಿದರೆ ವ್ಯವಸ್ಥೆಯೂ ಬದಲಾಗುವುದು.

ಮೂರನೆಯದು ಹೆಸರಿನ ತೊಡಕು. ತುಳು, ಅರೆಭಾಷೆ, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ತಮಿಳು ಮನೆಮಾತಾಗಿರುವ ಮಕ್ಕಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ ಒಂದೊಂದು ಕಾಗದದಲ್ಲಿ ಒಂದೊಂದು ವಿಧವಾಗಿ ಬರೆಯಲ್ಪಟ್ಟಾಗ ಒಂದೇ ಮಗು ಎರಡಾಗಿ ತೋರುವುದೂ, ಇದ್ದ ಮಗು ಸಿಕ್ಕದೆ ಹೋಗುವುದೂ ಸಂಭವಿಸುತ್ತದೆ. ಪಾಠಾಂತರಗಳನ್ನು ಶೋಧಿಸಬಲ್ಲ ಭಾಷೋಪಾಧ್ಯಾಯರ ನೆರವು ಇಲ್ಲಿ ನಿಜವಾಗಿಯೂ ಬೇಕು.

ಒಂದು ಕಲ್ಪಿತ ದೃಷ್ಟಾಂತದಿಂದ ವಿಷಯವು ಸ್ಪಷ್ಟವಾಗಬಹುದು. ಒಂದು ಶಾಲೆಯಲ್ಲಿ ೩೧ ಹೆಸರುಗಳಿವೆಯೆಂದು ಇಟ್ಟುಕೊಳ್ಳೋಣ. ಸೆಪ್ಟೆಂಬರದ ಮೊದಲಲ್ಲಿ ಒಂದು ಮಗು ತಂದೆತಾಯಿಗಳೊಡನೆ ಇನ್ನೊಂದು ತಾಲೂಕಿಗೆ ಹೋಯಿತು. ಹೆಸರನ್ನು ತೆಗೆದರೆ ಅನುದಾನವು ೨೫,೦೦೦ದಿಂದ ೧೦,೦೦೦ಕ್ಕೆ ಇಳಿಯುವುದು. ಸೋರುವ ಮಾಡನ್ನೂ ಸುಣ್ಣವಿಲ್ಲದ ಗೋಡೆಯನ್ನೂ ನೋಡುತ್ತಿರುವ ಮುಖ್ಯೋಪಾಧ್ಯಾಯನು ಆ ಹೆಸರನ್ನು ತಿಂಗಳ ಕೊನೆಯ ವರೆಗೆ ಉಳಿಸೋಣವೆಂದು ಯೋಚಿಸಿದರೆ ಅದು ಲೋಭವಲ್ಲ, ಶಾಲೆಯ ಮೇಲಣ ಮಮತೆಯೇ. ಆದರೆ ಅದರ ಫಲವೇನು? ಮಗುವಿನ ಸಂಖ್ಯೆಯು ಹಳೆಯ ಶಾಲೆಯಲ್ಲಿಯೇ ಕಟ್ಟುಬಿದ್ದಿರುವಾಗ ಹೊಸ ಶಾಲೆಯ ಗಣನೆಗೆ ಆ ಮಗು ಸೇರಲಾರದು. ಅಲ್ಲಿ ೬೦ ಇದ್ದು ಈ ಮಗುವಿನಿಂದ ೬೧ ಆಗಬೇಕಾಗಿದ್ದರೆ ಮೂರನೆಯ ಉಪಾಧ್ಯಾಯನ ಆಧಾರವೇ ತಪ್ಪಿಹೋಗುವುದು. ಇಲ್ಲಿ ಉಳಿದ ೧೫,೦೦೦ ರೂಪಾಯಿಗೆ ಬೆಲೆ ತೆತ್ತವರು ಅಲ್ಲಿಯ ಮಕ್ಕಳು. ಶಿಕ್ಷಣ ಹಕ್ಕು ಕಾಯಿದೆಯ ೫ನೆಯ ಪ್ರಕರಣವು ವರ್ಗಾವಣೆಯನ್ನು ಮಗುವಿನ ಹಕ್ಕೆಂದು ಹೇಳಿ, ಪ್ರಮಾಣಪತ್ರವನ್ನು ತಡಮಾಡುವ ಮುಖ್ಯೋಪಾಧ್ಯಾಯನು ಶಿಸ್ತುಕ್ರಮಕ್ಕೆ ಗುರಿಯೆಂದಿರುವುದರ ಮರ್ಮವು ಇದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಬಹುದಿನ ಬಾರದ ಮಗುವಿನ ಹೆಸರನ್ನು ವಿಚಾರಿಸದೆ ಹೊಡೆದುಹಾಕಿದರೆ ಪುಸ್ತಕವು ಶುದ್ಧವಾಗಿ ಕಂಡರೂ ಮಗು ಕಳೆದುಹೋಗುವುದು. ಪ್ರಾಥಮಿಕ ಶಿಕ್ಷಣವು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಕೂಡದೆಂದು ೧೬ನೆಯ ಪ್ರಕರಣವು ವಿಧಿಸಿದೆ. ಆದುದರಿಂದ ಬರೆಯುವುದಕ್ಕೆ ಮೊದಲು ಮನೆಯ ವರೆಗೆ ಹೋಗಿ ಕೇಳುವುದೇ ಸರಿಯಾದ ಗಣನೆಯ ಕ್ರಮ.

(೬)

ಇದು ಈ ಸೀಮೆಯೊಂದರ ಸಮಸ್ಯೆಯಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರದ ಹಣದಿಂದ, ಆದರೆ ಸ್ವತಂತ್ರವಾದ ಆಡಳಿತದಿಂದ ನಡೆಯುವ ಚಾರ್ಟರ್ ಶಾಲೆಗಳೆಂಬುವುಂಟು; ಮಿನ್ನೆಸೋಟ ರಾಜ್ಯವು ೧೯೯೧ರಲ್ಲಿ ಇವುಗಳಿಗೆ ಮೊದಲು ಕಾನೂನು ಮಾಡಿತು. ನಮ್ಮ ಅನುದಾನಿತ ಶಾಲೆಗಳನ್ನು ಕೆಲವಂಶದಲ್ಲಿ ಇವುಗಳೊಡನೆ ಹೋಲಿಸಬಹುದು. ಅಲ್ಲಿ ಕ್ಯಾಲಿಫೋರ್ನಿಯವು ಸರಾಸರಿ ದೈನಿಕ ಹಾಜರಿಯನ್ನು ಆಧಾರ ಮಾಡಿದರೆ, ಮಿಷಿಗನ್ ನಿಶ್ಚಿತವಾದ ಎಣಿಕೆಯ ದಿನಗಳನ್ನು ಇಟ್ಟುಕೊಂಡಿದೆ. ಓಹಾಯೊ ರಾಜ್ಯದಲ್ಲಿ ಮನೆಯಿಂದಲೇ ಗಣಕಯಂತ್ರದ ಮೂಲಕ ಕಲಿಸುತ್ತಿದ್ದ ಇಕಾಟ್ ಎಂಬ ಶಾಲೆಯು ೨೦೧೫–೧೬ರಲ್ಲಿ ೧೫,೦೦೦ಕ್ಕೂ ಹೆಚ್ಚು ಮಕ್ಕಳ ಲೆಕ್ಕ ಕೊಟ್ಟಿತ್ತು. ಪರಿಶೋಧನೆಯಲ್ಲಿ ಸುಮಾರು ೬,೩೦೦ಕ್ಕೆ ಮಾತ್ರ ಆಧಾರ ದೊರೆಯಿತು. ಸುಮಾರು ಆರು ಕೋಟಿ ಡಾಲರುಗಳನ್ನು ಹಿಂದಿರುಗಿಸಬೇಕೆಂದು ಆಜ್ಞೆಯಾಗಿ, ೨೦೧೮ರ ಜನವರಿಯಲ್ಲಿ ಶಾಲೆಯು ಮುಚ್ಚಿತು. ವರ್ಷದ ನಡುವೆ ಸಾವಿರಾರು ಮಕ್ಕಳು ಬೇರೆ ಶಾಲೆಯನ್ನು ಹುಡುಕಬೇಕಾಯಿತು. ಯಂತ್ರವು ಲೆಕ್ಕವನ್ನು ಶೀಘ್ರವಾಗಿ ಕೊಂಡೊಯ್ಯುವುದೇ ಹೊರತು ಅದನ್ನು ಸತ್ಯವಾಗಿಸುವುದಿಲ್ಲವೆಂಬುದು ಇದರಿಂದ ಸಿದ್ಧ.

ಮೇಲ್ಕಂಡ ವಿಚಾರದಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ದಾಖಲೆ, ಹಾಜರಿಗಳನ್ನು ಬೇರೆ ಬೇರೆಯಾಗಿ ಇಟ್ಟು, ಯಾವ ಕಾರ್ಯಕ್ಕೆ ಯಾವುದು ಆಧಾರವೆಂಬುದನ್ನು ಮರೆಯಬಾರದು. ಮಗು ಹೋದ ದಿನವೇ ಹೋದುದನ್ನೂ, ಬಂದ ದಿನವೇ ಬಂದುದನ್ನೂ ಬರೆಯಬೇಕು. ಒಂದು ಮಗುವಿನ ಹೆಚ್ಚು ಕಡಮೆಯಿಂದ ೧೫,೦೦೦ ರೂಪಾಯಿಯ ಅಂತರವಾಗುವಂತಹ ಮೆಟ್ಟಿಲುಗಳನ್ನು ಕಡಮೆಮಾಡಿ, ಮಕ್ಕಳ ಸಂಖ್ಯೆಯೊಡನೆ ಕ್ರಮವಾಗಿ ಏರಿಳಿಯುವ ಪ್ರಮಾಣವನ್ನು ಏರ್ಪಡಿಸಿದರೆ ಅಸತ್ಯದ ಆಕರ್ಷಣೆಯೂ ತಗ್ಗುವುದು. ಇದು ಸರ್ಕಾರದ ಪಾಲಿನ ಕರ್ತವ್ಯ. ಮೊದಲಿನೆರಡು ಉಪಾಧ್ಯಾಯರ ಪಾಲಿನವು. ೧೮೨೨ರಲ್ಲಿ ಲೆಕ್ಕಕ್ಕೆ ಬಾರದೆ ಹೋದ ಸೀಮೆಯಲ್ಲಿ ಈಗ ಪ್ರತಿಯೊಂದು ಮಗುವಿಗೂ ಒಂದು ಸಾಲು ಉಂಟು. ಆ ಸಾಲಿನಲ್ಲಿ ಬರೆದುದು ನಿಜವಾಗಿರುವ ತನಕ ಮಾತ್ರ ಅದರ ಆಧಾರದ ಮೇಲೆ ಸಲ್ಲುವ ಅನ್ನ, ಪುಸ್ತಕ, ಉಪಾಧ್ಯಾಯರು ಸಲ್ಲಬೇಕಾದವರಿಗೆ ಸಲ್ಲುವರು.