ಪ್ರಶ್ನೆಯಾಗಿ ಓದು: ‘ಯಶೋಧರ ಚರಿತೆ’ಯ ಬೋಧನೆಯನ್ನು ಕುರಿತು

ಸಾಹಿತ್ಯದ ತರಗತಿಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಬಹುಮಟ್ಟಿಗೆ ಅಧ್ಯಾಪಕರದು. ಅವರಿಗಿಂತ ಹೆಚ್ಚಾಗಿ ಪ್ರಶ್ನೆಪತ್ರಿಕೆಯದು. ‘ಸಂದರ್ಭ ಸಹಿತ ಸ್ವಾರಸ್ಯವನ್ನು ವಿವರಿಸಿ’, ‘ಪಾತ್ರಚಿತ್ರಣ ಮಾಡಿ’, ‘ಟಿಪ್ಪಣಿ ಬರೆಯಿರಿ’ ಎಂಬ ಸೂಚನೆಗಳ ಸುತ್ತಲೇ ವಿದ್ಯಾರ್ಥಿಯ ಓದು ರೂಪುಗೊಳ್ಳುತ್ತದೆ. ಸೂಕ್ಷ್ಮವಾಗಿ ನೋಡಿದರೆ ಇವು ಪ್ರಶ್ನೆಗಳಲ್ಲ, ಆದೇಶಗಳು. ಕೃತಿಯನ್ನು ತೆರೆಯುವ ಮೊದಲೇ ಉತ್ತರವು ಗೈಡುಗಳಲ್ಲಿ ಸಿದ್ಧವಾಗಿರುವಾಗ ಕೃತಿಯು ಆ ಉತ್ತರಕ್ಕೆ ಸಾಕ್ಷ್ಯ ಒದಗಿಸುವ ಸಾಧನವಾಗಿ ಮಾತ್ರ ಉಳಿಯುತ್ತದೆ.

ಹಳಗನ್ನಡದ ಪಾಠದಲ್ಲಿ ಈ ತೊಡಕು ಇನ್ನೂ ಹೆಚ್ಚು. ಅನ್ವಯ, ಪದಚ್ಛೇದ, ಅರ್ಥವಿವರಣೆಗಳಲ್ಲಿಯೇ ಅವಧಿ ಮುಗಿಯುತ್ತದೆ. ಅರ್ಥವಾದ ಮೇಲಷ್ಟೇ ಪ್ರಶ್ನೆ ಹುಟ್ಟಬೇಕೆಂಬ ನಂಬಿಕೆ ಇದರ ಹಿಂದಿದೆ. ವಾಸ್ತವದಲ್ಲಿ ಅರ್ಥವಾಗುವ ಕ್ರಿಯೆಯೇ ಪ್ರಶ್ನೆಯಿಂದ ಆರಂಭವಾಗುತ್ತದೆ ಎಂಬುದಕ್ಕೆ ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಉತ್ತಮ ನಿದರ್ಶನ. ಹಿಟ್ಟಿನ ಕೋಳಿಯ ಬಲಿ, ಅಮೃತಮತಿಯ ಪ್ರಣಯ, ಭವಾವಳಿ — ಇವೆಲ್ಲವೂ ಬೋಧಕರಿಗೆ ಚಿರಪರಿಚಿತ. ಅತಿಪರಿಚಯವೇ ಇಲ್ಲಿ ಪ್ರಶ್ನೆಗಳನ್ನು ಮುಚ್ಚಿಬಿಟ್ಟಿದೆ ಎನ್ನಬೇಕು.

ಹಿಟ್ಟಿನ ಕೋಳಿಯ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಕನಸಿನ ನೆಪವನ್ನು ಕೇಳಿದ ಚಂದ್ರಮತಿ ಬಲಿಗೆ ಒತ್ತಾಯಿಸುತ್ತಾಳೆ. ಜೀವಬಲಿಗೆ ಒಪ್ಪದ ಯಶೋಧರ ಹಿಟ್ಟಿನ ಕೋಳಿಗೆ ಸಮ್ಮತಿಸುತ್ತಾನೆ. ತಾಯಿ ಮಗ ಇಬ್ಬರೂ ಮುಂದೆ ಪ್ರಾಣಿಜನ್ಮಗಳ ಸರಣಿಯನ್ನೇ ಹಾಯಬೇಕಾಗುತ್ತದೆ. ‘ಹಿಟ್ಟಿಗೆ ಜೀವವಿಲ್ಲ, ಪಾಪ ಎಲ್ಲಿಂದ ಬಂತು?’ ಎಂಬುದು ವಿದ್ಯಾರ್ಥಿಗೆ ಸಹಜವಾಗಿ ಹೊಳೆಯುವ ಸಂದೇಹ. ‘ಅದು ಸಂಕಲ್ಪಹಿಂಸೆ’ ಎಂಬ ಉತ್ತರ ಸರಿಯಾದುದೇ. ಆದರೆ ಅದನ್ನು ಹೇಳಿದೊಡನೆ ಚರ್ಚೆ ನಿಂತುಹೋಗುತ್ತದೆ. ಕಾವ್ಯ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಕೋಳಿಯ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಸೇರಿಕೊಂಡಿರುತ್ತದೆ; ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ. ಸಂಕಲ್ಪವೊಂದೇ ಪಾಪಕ್ಕೆ ಸಾಕಾಗಿದ್ದರೆ ಈ ಕೂಗು ಏಕೆ ಬೇಕಾಯಿತು? ತತ್ತ್ವಕ್ಕೆ ಅಗತ್ಯವಿಲ್ಲದ ಕೂಗು ಕಾವ್ಯಕ್ಕೆ ಅಗತ್ಯವಾಯಿತೆ? ಅಥವಾ ಕೊಂದವನ ಕಿವಿಗೆ ತನ್ನ ಸಂಕಲ್ಪದ ಸದ್ದು ಕೇಳಿಸಲೇಬೇಕಿತ್ತೆ? ಮೊದಲ ಸಂದೇಹ ಮುಗ್ಧವಾದುದು, ಎರಡನೆಯ ಹಂತದ ಪ್ರಶ್ನೆ ವಿಮರ್ಶೆಯದು. ಮೊದಲನೆಯದನ್ನು ಅವಸರದಿಂದ ಸಮಾಧಾನಪಡಿಸಿದರೆ ಎರಡನೆಯದು ಹುಟ್ಟುವುದೇ ಇಲ್ಲ.

ನಿರೂಪಣೆಯ ಪ್ರಶ್ನೆ ಇನ್ನೂ ಜಟಿಲ. ‘ಅಮೃತಮತಿ ಅಷ್ಟಾವಂಕನಿಗೆ ಏಕೆ ಒಲಿದಳು?’ ಎಂದು ಕೇಳುವ ತರಗತಿಗಳು ‘ಇದನ್ನು ಹೇಳುತ್ತಿರುವವರು ಯಾರು?’ ಎಂದು ಕೇಳುವುದು ವಿರಳ. ಮಾರಿದತ್ತನ ಮುಂದೆ ಕಥೆ ಹೇಳುವವನು ಅಭಯರುಚಿ; ಹಿಂದಿನ ಭವದಲ್ಲಿ ಅವನೇ ಯಶೋಧರ. ಅಂದರೆ ಹೆಂಡತಿಯಿಂದ ವಿಷವುಂಡು ಸತ್ತವನೇ ಆಕೆಯ ಪ್ರಣಯವನ್ನೂ ನಿರೂಪಿಸುತ್ತಿದ್ದಾನೆ. ಆಕೆಗೂ ಅಷ್ಟಾವಂಕನಿಗೂ ನಡೆದ ಭೇಟಿಯನ್ನು ಯಶೋಧರ ಕಣ್ಣಾರೆ ಕಂಡಿದ್ದ. ಆದರೆ ಮಾವಟಿಗನ ಹಾಡನ್ನು ಕೇಳಿದಾಗ ಆಕೆಯ ಮನಸ್ಸಿಗೆ ಆದುದನ್ನು, ಸಖಿಯೊಡನೆ ಆಕೆ ಆಡಿದ ಮಾತನ್ನು ಆತ ಬಲ್ಲುದು ಹೇಗೆ? ಜೈನ ಕಥನಪರಂಪರೆಯಲ್ಲಿ ಅವಧಿಜ್ಞಾನಿಗಳಾದ ಮುನಿಗಳಿಂದ ಭವಾವಳಿ ತಿಳಿಯುವುದುಂಟು ಎಂಬ ಸಮಾಧಾನವಿದೆ. ಅದನ್ನು ವಿದ್ಯಾರ್ಥಿಗೆ ಹೇಳಲೇಬೇಕು. ಇಲ್ಲದಿದ್ದರೆ ಪ್ರಶ್ನೆಯು ಇಂದಿನ ಕಾದಂಬರಿಯ ನಿರೀಕ್ಷೆಯನ್ನು ಹಳೆಯ ಕಾವ್ಯದ ಮೇಲೆ ಹೇರಿದಂತಾಗುತ್ತದೆ. ಹಾಗಿದ್ದೂ, ವಿರಕ್ತನಾದ ನಿರೂಪಕನ ಬಾಯಲ್ಲಿ ಆ ಪ್ರಸಂಗ ಅಷ್ಟೊಂದು ಜೀವಂತವಾಗಿ ಬಂದಿರುವುದು ಉಳಿದೇ ಉಳಿಯುತ್ತದೆ. ಪರಂಪರೆಯ ತಿಳಿವಳಿಕೆಯು ಪ್ರಶ್ನೆಯನ್ನು ಅಳಿಸದೆ ಅದರ ಸ್ಥಾನವನ್ನು ಬದಲಿಸುತ್ತದೆ.

ಕೇಳಿದುದೆಲ್ಲವೂ ಒಳ್ಳೆಯ ಪ್ರಶ್ನೆಯೆಂದಲ್ಲ. ‘ಅಮೃತಮತಿ ಮಾಡಿದ್ದು ಸರಿಯೆ ತಪ್ಪೆ?’ ಎಂಬುದು ಗದ್ದಲವೆಬ್ಬಿಸುತ್ತದೆಯೇ ಹೊರತು ಯಾರನ್ನೂ ಪಠ್ಯಕ್ಕೆ ಹಿಂದಿರುಗಿಸುವುದಿಲ್ಲ. ಯಾವ ಪದ್ಯದ ಯಾವ ಮಾತು ಈ ಪ್ರಶ್ನೆಯನ್ನು ಎಬ್ಬಿಸಿತು ಎಂದು ತೋರಿಸಲು ಹೇಳಿದರೆ ಜೊಳ್ಳು ಬಹುಮಟ್ಟಿಗೆ ತಾನಾಗಿಯೇ ಉದುರುತ್ತದೆ. ಪಾಠಕ್ಕೆ ಮೊದಲು ಪ್ರತಿಯೊಬ್ಬರೂ ಒಂದೇ ಒಂದು ಪ್ರಶ್ನೆಯನ್ನು ಬರೆದು ತರುವುದು, ಅಧ್ಯಾಪಕರು ತಕ್ಷಣ ಉತ್ತರಿಸದೆ ಆ ಪದ್ಯವನ್ನು ಮತ್ತೊಮ್ಮೆ ಓದಿಸುವುದು — ಇಷ್ಟಕ್ಕೆ ಹೊಸ ಸಲಕರಣೆಯೇನೂ ಬೇಡ. ಬೇಕಾದುದು ಮೌನವನ್ನು ಸಹಿಸುವ ತಾಳ್ಮೆ. ಪಠ್ಯಭಾಗ ಮುಗಿಸುವ ಒತ್ತಡದಲ್ಲಿ ಅದೇ ದುರ್ಲಭ.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವನ್ನು ಈ ಕಥೆಗೆ ಒಬ್ಬ ಲೇಖಕ ಕೇಳಿದ ಪ್ರಶ್ನೆಯೆಂದೇ ಓದಬಹುದು. ಆದರೆ ಅದನ್ನು ಜನ್ನನ ಪಾಠಕ್ಕೆ ಮುನ್ನುಡಿಯಾಗಿ ಪರಿಚಯಿಸುವ ರೂಢಿ ಅಷ್ಟು ಹಿತವಲ್ಲ. ವಿದ್ಯಾರ್ಥಿಗಳು ತಮ್ಮ ಪ್ರಶ್ನೆಗಳನ್ನು ಕಂಡುಕೊಂಡ ಅನಂತರ ನಾಟಕ ಬಂದರೆ ಹೋಲಿಕೆ ಸಾಧ್ಯ. ಮೊದಲೇ ಬಂದರೆ ಕಾರ್ನಾಡರ ಪ್ರಶ್ನೆಯೂ ಮತ್ತೊಂದು ಸಿದ್ಧ ಉತ್ತರವಾಗುತ್ತದೆ.

ಉಳಿಯುವುದು ಮೌಲ್ಯಮಾಪನದ ತೊಡಕು. ಪದ್ಯಭಾಗವೊಂದನ್ನು ಕೊಟ್ಟು ‘ಇದನ್ನು ಕುರಿತು ಒಂದು ಪ್ರಶ್ನೆ ರಚಿಸಿ, ಅದಕ್ಕೆ ಕಾರಣವಾದ ಮಾತುಗಳನ್ನು ಗುರುತಿಸಿ’ ಎಂದು ಕೇಳಬಹುದು. ಇಬ್ಬರು ಮೌಲ್ಯಮಾಪಕರು ಒಂದೇ ಅಂಕ ಕೊಡಲಾರರು ಎಂಬ ಆಕ್ಷೇಪ ನ್ಯಾಯವಾದುದೇ. ಪ್ರಬಂಧರೂಪದ ಉತ್ತರಗಳಿಗೂ ಅದು ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಅಂತಿಮ ಪರೀಕ್ಷೆಯಲ್ಲಿ ಇದು ಕಷ್ಟವೆನಿಸಿದರೆ, ಅಧ್ಯಾಪಕರ ಕೈಯಲ್ಲಿಯೇ ಇರುವ ಆಂತರಿಕ ಅಂಕಗಳಿಂದ ಆರಂಭಿಸಲು ಅಡ್ಡಿಯಿಲ್ಲ.